ಡ್ಯಾಂ ಭರ್ತಿಯಾದರೆ ಮಳವಳ್ಳಿ ಗದ್ದೆಗೆ ನೀರು ಬಂದಂತೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಪ್ರತಿ ವರ್ಷ ಮಳೆಗಾಲ ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಭಾಗದ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಕೆಲವು ಸಂದೇಶಗಳು ತಪ್ಪದೇ ಬರುತ್ತವೆ. ಕೆಆರ್‌ಎಸ್ ಗೇಟುಗಳಿಂದ ನೀರು ಧುಮ್ಮಿಕ್ಕುವ ವಿಡಿಯೊ, ಕೆಳಗೆ ‘ಡ್ಯಾಂ ಫುಲ್, ಇನ್ನು ರೈತರಿಗೆ ಚಿಂತೆ ಇಲ್ಲ’ ಎಂಬ ಸಾಲು. ಅದರ ಬೆನ್ನಿಗೇ ‘ಕಾವೇರಿ ದಡದ ಮಂಡ್ಯ ಅನಾದಿ ಕಾಲದಿಂದಲೂ ಭತ್ತದ ಕಣಜ’, ‘ಕನ್ನಂಬಾಡಿ ಕಟ್ಟೆಯನ್ನು ನಿಜವಾಗಿ ಕಟ್ಟಿದ್ದು ಇಂಥವರು’, ‘ಶಿವನಸಮುದ್ರ ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ’ ಎಂಬ ಸಂದೇಶಗಳೂ ಬರುತ್ತವೆ.

ಇವುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ಸತ್ಯ ಎಂದು ಒಂದೊಂದಾಗಿ ನೋಡೋಣ. ಇದು ಬರೀ ಸಾಮಾನ್ಯ ಜ್ಞಾನದ ಪ್ರಶ್ನೆಯಲ್ಲ. ‘ಡ್ಯಾಂ ಫುಲ್’ ಎಂಬ ಒಂದು ಸಾಲನ್ನು ನಂಬಿ ನಾಲೆಯ ಕೊನೆ ಭಾಗದ ರೈತ ಒಟ್ಲು ಬಿಟ್ಟರೆ, ಬೀಜ, ಗೊಬ್ಬರ, ಉಳುಮೆಯ ದುಡ್ಡು ಅಲ್ಲೇ ಖರ್ಚಾಗಿರುತ್ತದೆ. ನೀರು ಬರದಿದ್ದರೆ ಆ ನಷ್ಟವನ್ನು ಸಂದೇಶ ಕಳಿಸಿದವರು ತುಂಬಿಕೊಡುವುದಿಲ್ಲ.

ಸಂದೇಶ 1: ‘ಮಂಡ್ಯ ಅನಾದಿ ಕಾಲದಿಂದಲೂ ಭತ್ತದ ಕಣಜ’

ಮೊದಲು ಮಳೆಯ ಲೆಕ್ಕ ನೋಡೋಣ. ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು 700 ಮಿಲಿಮೀಟರ್. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಪಶ್ಚಿಮ ಘಟ್ಟಕ್ಕೆ ಬಡಿದು ಕೊಡಗಿನಲ್ಲೇ ಬಹುಪಾಲು ಮಳೆ ಸುರಿಸಿಬಿಡುತ್ತವೆ. ಘಟ್ಟದ ಈಚೆಗಿರುವ ಮಂಡ್ಯಕ್ಕೆ ಸಿಗುವುದು ಉಳಿದದ್ದು. ಇದನ್ನೇ ಮಳೆ ನೆರಳಿನ ಪ್ರದೇಶ ಎನ್ನುತ್ತಾರೆ. ಜುಲೈನಲ್ಲಿ ಕೊಡಗಿನಲ್ಲಿ ಹೊಳೆ ತುಂಬಿ ಹರಿಯುವಾಗ ಮಳವಳ್ಳಿಯಲ್ಲಿ ಬರೀ ತುಂತುರು ಇರುವುದು ಇದೇ ಕಾರಣಕ್ಕೆ. ಈ ಭಾಗಕ್ಕೆ ಜೋರು ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ.

ಈಗ ಬೆಳೆಯ ಲೆಕ್ಕ. ಗದ್ದೆಯಲ್ಲಿ ನೀರು ನಿಲ್ಲಿಸಿ ಬೆಳೆಯುವ ಭತ್ತಕ್ಕೆ ನಾಲ್ಕೈದು ತಿಂಗಳಲ್ಲಿ ಸುಮಾರು 1,200 ಮಿಲಿಮೀಟರ್ ನೀರು ಬೇಕು. ಕಬ್ಬಿಗೆ ಬೇಕಾದ್ದು 1,500ರಿಂದ 2,500 ಮಿಲಿಮೀಟರ್. ಅಂದರೆ ಮಂಡ್ಯದಲ್ಲಿ ಇಡೀ ವರ್ಷ ಬೀಳುವ ಮಳೆಯನ್ನೆಲ್ಲ ಹಿಡಿದಿಟ್ಟರೂ ಒಂದು ಬೆಳೆ ಭತ್ತಕ್ಕೆ ಸಾಲದು. ಇಲ್ಲಿನ ಮಳೆಗೆ ಹೊಂದುವ ಬೆಳೆ ರಾಗಿ, ಹುರಳಿ, ಅವರೆ, ಎಳ್ಳು. ನಾಲೆ ಬರುವ ಮೊದಲು ಇಲ್ಲಿನ ಬಹುಪಾಲು ಭೂಮಿಯಲ್ಲಿ ಇದ್ದದ್ದೂ ಇವೇ. ಕೆರೆಯ ಕೆಳಗಿನ ಒಂದಿಷ್ಟು ಗದ್ದೆ, ನದಿಗೆ ಹತ್ತಿರದ ಹಳೆಯ ನಾಲೆಗಳ ಕೆಳಗಿನ ಗದ್ದೆ ಬಿಟ್ಟರೆ ಉಳಿದದ್ದೆಲ್ಲ ಹೊಲ.

‘ಆದರೆ ಕಾವೇರಿ ಪಕ್ಕದಲ್ಲೇ ಹರಿಯುತ್ತದಲ್ಲ?’ ಎಂದು ನೀವು ಕೇಳಬಹುದು. ಹರಿಯುತ್ತದೆ ನಿಜ. ಆದರೆ ಹೊಲಕ್ಕಿಂತ ತಗ್ಗಿನಲ್ಲಿ ಹರಿಯುತ್ತದೆ. ನೀರು ತಾನಾಗಿ ಮೇಲಕ್ಕೆ ಹತ್ತುವುದಿಲ್ಲ. ಅದಲ್ಲದೆ ಮಂಡ್ಯ, ಮದ್ದೂರು ಭಾಗದ ಬಹಳಷ್ಟು ಭೂಮಿ ಕಾವೇರಿಯ ಕಡೆಗೆ ಇಳಿಜಾರಾಗಿಯೇ ಇಲ್ಲ. ಅಲ್ಲಿ ಬಿದ್ದ ಮಳೆ ನೀರು ಹೆಬ್ಬಳ್ಳ, ಶಿಂಷಾ ಸೇರುತ್ತದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಕಡೆಯಿಂದ ಬರುವ ಶಿಂಷಾ ಮದ್ದೂರನ್ನು ದಾಟಿ ಹರಿದು, ಶಿವನಸಮುದ್ರದ ಜಲಪಾತಗಳಿಂದಲೂ ಕೆಳಗೆ ಕಾವೇರಿಯನ್ನು ಸೇರುತ್ತದೆ. ಈ ಎರಡು ಕಣಿವೆಗಳ ನಡುವೆ ಕರಿಘಟ್ಟದ ಸಾಲಿನಂಥ ದಿಬ್ಬಗಳಿವೆ. ಕಾವೇರಿಯ ನೀರು ಮಂಡ್ಯ ಮದ್ದೂರಿನ ಹೊಲಕ್ಕೆ ಬರಬೇಕಾದರೆ ಎತ್ತರದಲ್ಲಿ ಅದನ್ನು ತಡೆದು, ಆ ದಿಬ್ಬವನ್ನು ದಾಟಿಸಿ ತರಬೇಕಿತ್ತು.

ಹಳೆಯ ಕಾಲದಲ್ಲಿ ನಾಲೆಗಳೇ ಇರಲಿಲ್ಲ ಎಂದು ಇದರ ಅರ್ಥವಲ್ಲ. ಶ್ರೀರಂಗಪಟ್ಟಣದ ಬಳಿಯ ಬಂಗಾರದೊಡ್ಡಿ ನಾಲೆ 17ನೇ ಶತಮಾನದ ಕಂಠೀರವ ನರಸರಾಜ ಒಡೆಯರ ಕಾಲದ್ದು. ಚಿಕ್ಕದೇವರಾಜ ಒಡೆಯರ ಹೆಸರಿನ ಸಿಡಿಎಸ್ ನಾಲೆ, ವಿರಿಜಾ ನಾಲೆಗಳೂ ಇವೆ. ನದಿಗೆ ಅಡ್ಡಲಾಗಿ ತಗ್ಗಾದ ಅಣೆಕಟ್ಟೆ ಹಾಕಿ, ಪಕ್ಕಕ್ಕೆ ತಿರುಗಿಸಿ ಹರಿಸಿದ ನಾಲೆಗಳಿವು. ಅವು ನದಿಯ ಅಕ್ಕಪಕ್ಕದ ಭೂಮಿಗೆ ನೀರು ಕೊಟ್ಟವು. ದಿಬ್ಬದ ಆಚೆಗಿನ ಮಂಡ್ಯ ಬಯಲಿಗೆ ಅವುಗಳಿಂದ ನೀರು ತರಲು ಆಗಲಿಲ್ಲ.

ನಮ್ಮ ಉತ್ತರ: ಅರ್ಧ ಸತ್ಯ. ಶ್ರೀರಂಗಪಟ್ಟಣದ ಸುತ್ತಮುತ್ತ ಗದ್ದೆ ಬಯಲು ಹಳೆಯದು. ಮಂಡ್ಯ, ಮದ್ದೂರು, ಮಳವಳ್ಳಿಯ ಬಹುಪಾಲು ಹಸಿರಿಗೆ ಇನ್ನೂ ನೂರು ವರ್ಷ ತುಂಬಿಲ್ಲ.

ಸಂದೇಶ 2: ‘ಶಿವನಸಮುದ್ರ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ’

ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ ಕಾವೇರಿ ಎರಡಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುತ್ತದೆ. ಅಲ್ಲಿನ ವಿದ್ಯುತ್ ಕೇಂದ್ರ ಶುರುವಾದದ್ದು 1902ರ ಜೂನ್ 30ರಂದು. ಆದರೆ ಅದಕ್ಕೂ ಮೊದಲು, 1897ರಲ್ಲೇ, ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ ಸಣ್ಣ ಜಲವಿದ್ಯುತ್ ಕೇಂದ್ರವಿತ್ತು. ಜಪಾನಿನ ಕ್ಯೋಟೊದಲ್ಲಿ 1891ರಲ್ಲೇ ಇತ್ತು. ಹಾಗಾಗಿ ‘ಏಷ್ಯಾದಲ್ಲೇ ಮೊದಲು’ ಎಂಬ ಮಾತು ಸರಿಯಲ್ಲ.

ಶಿವನಸಮುದ್ರದ ನಿಜವಾದ ಹೆಗ್ಗಳಿಕೆ ಬೇರೆ. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯಲ್ಲಿ ವಿದ್ಯುತ್ ಕಳಿಸಲಾಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಬೆಳಗಿದ್ದೂ ಇದೇ ವಿದ್ಯುತ್ತಿನಿಂದ.

ಮಂಡ್ಯದ ಗದ್ದೆಗೂ ಇದಕ್ಕೂ ಏನು ಸಂಬಂಧ? ಸಂಬಂಧ ಇದೆ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲುತ್ತಿರಲಿಲ್ಲ. ಚಿನ್ನದ ಗಣಿಗೆ ವರ್ಷವಿಡೀ ವಿದ್ಯುತ್ ಬೇಕಿತ್ತು. ಮಳೆಗಾಲದ ನೀರನ್ನು ಮೇಲ್ಗಡೆ ಎಲ್ಲಾದರೂ ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡಬೇಕಿತ್ತು. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟುವ ಯೋಜನೆಗೆ ನೀರಾವರಿಯಷ್ಟೇ ದೊಡ್ಡ ಕಾರಣ ಈ ವಿದ್ಯುತ್.

ನಮ್ಮ ಉತ್ತರ: ತಪ್ಪು. ಏಷ್ಯಾದಲ್ಲೂ ಮೊದಲಲ್ಲ, ಭಾರತದಲ್ಲೂ ಮೊದಲಲ್ಲ.

ಸಂದೇಶ 3: ‘ಕನ್ನಂಬಾಡಿ ಕಟ್ಟೆ ಕಟ್ಟಿದ್ದು ಇಂಥವರೊಬ್ಬರೇ’

ಈ ಸಂದೇಶ ಎರಡು ಮೂರು ರೂಪದಲ್ಲಿ ಬರುತ್ತದೆ. ಹೆಸರು ಮಾತ್ರ ಬದಲಾಗುತ್ತದೆ, ಜಗಳ ಒಂದೇ. ದಾಖಲೆ ಏನು ಹೇಳುತ್ತದೆ ಎಂದಷ್ಟೇ ನೋಡೋಣ.

ಕಟ್ಟೆಯ ಕೆಲಸ ನಡೆಯುವಾಗ ಅಲ್ಲಿ ಪರ್ಷಿಯನ್ ಭಾಷೆಯ ಒಂದು ಶಾಸನ ಸಿಕ್ಕಿತು. ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಅಡ್ಡಲಾಗಿ ಕಟ್ಟೆಗೆ ಟಿಪ್ಪು ಸುಲ್ತಾನ್ ಅಡಿಪಾಯ ಹಾಕಿಸಿದ ವಿಷಯ ಅದರಲ್ಲಿದೆ. 18ನೇ ಶತಮಾನದ ಕೊನೆಯ ಈ ಶಾಸನವನ್ನು ಇಂದಿಗೂ ಕೆಆರ್‌ಎಸ್‌ನಲ್ಲಿ ನೋಡಬಹುದು. ಅಂದರೆ ಇಲ್ಲೊಂದು ಕಟ್ಟೆ ಬೇಕು ಎಂಬ ಯೋಚನೆ ಆಗಲೇ ಇತ್ತು. ಆದರೆ ಆ ಕಟ್ಟೆ ಮೇಲೇಳಲಿಲ್ಲ. 1799ರಲ್ಲಿ ಟಿಪ್ಪು ಆಳ್ವಿಕೆ ಕೊನೆಗೊಂಡಿತು.

ಈಗ ನಾವು ನೋಡುವ ಅಣೆಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆಗ ಮುಖ್ಯ ಎಂಜಿನಿಯರ್ ಆಗಿದ್ದವರು ಎಂ. ವಿಶ್ವೇಶ್ವರಯ್ಯ. ಅವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಕಟ್ಟೆ ಪೂರ್ತಿಯಾದದ್ದು 1930ರ ದಶಕದ ಆರಂಭದಲ್ಲಿ. ಅಂದರೆ ಅವರು ದಿವಾನಗಿರಿ ಬಿಟ್ಟ ಮೇಲೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇರೆ ಎಂಜಿನಿಯರುಗಳು, ಸಾವಿರಾರು ಕೂಲಿಯಾಳುಗಳು ಸಿಮೆಂಟಿನ ಬದಲು ಸುಣ್ಣ, ಇಟ್ಟಿಗೆ ಪುಡಿ ಸೇರಿಸಿದ ಸುರ್ಕಿ ಗಾರೆಯಲ್ಲಿ ಕಲ್ಲು ಜೋಡಿಸುತ್ತಲೇ ಇದ್ದರು. ಆ ನಡುವೆ ಮದ್ರಾಸ್ ಸರ್ಕಾರದ ಜೊತೆ ನೀರಿನ ಜಗಳ ನಡೆದು 1924ರ ಒಪ್ಪಂದವಾಯಿತು. ಕಟ್ಟೆಯ ನೀರಿನಲ್ಲಿ ಹಳೆಯ ಕನ್ನಂಬಾಡಿ ಊರು ಮುಳುಗಿತು. ಊರು ಬಿಟ್ಟು ಹೋದವರ ಹೆಸರು ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ.

ನಮ್ಮ ಉತ್ತರ: ‘ಒಬ್ಬರೇ’ ಎಂಬುದು ಯಾರ ವಿಷಯದಲ್ಲೂ ನಿಜವಲ್ಲ. ಯೋಚನೆ ಹಳೆಯದು. ಈಗಿರುವ ಕಟ್ಟೆ 1911ರ ನಂತರದ್ದು.

ದಿಬ್ಬ ಕೊರೆದು ಬಂದ ನೀರು

ಕಟ್ಟೆ ಕಟ್ಟಿದ ಮಾತ್ರಕ್ಕೆ ಮಂಡ್ಯಕ್ಕೆ ನೀರು ಬರಲಿಲ್ಲ. ಮೊದಲೇ ಹೇಳಿದಂತೆ ನಡುವೆ ದಿಬ್ಬವಿತ್ತು. ಕೆಆರ್‌ಎಸ್‌ನ ಎಡದಂಡೆಯಿಂದ ಹೊರಟ ನಾಲೆಗೆ ಹುಲಿಕೆರೆ ಬಳಿ ಸುಮಾರು 2.8 ಕಿಲೋಮೀಟರ್ ಉದ್ದದ ಸುರಂಗ ಕೊರೆಯಲಾಯಿತು. ಆ ಸುರಂಗ ದಾಟಿದ ಮೇಲೆಯೇ ಕಾವೇರಿ ನೀರು ಶಿಂಷಾ ಕಡೆಯ ಬಯಲಿಗೆ ಇಳಿದದ್ದು. ಆಗಿನ ವೈಸ್‌ರಾಯ್ ಹೆಸರಿನಲ್ಲಿ ಇದಕ್ಕೆ ಇರ್ವಿನ್ ನಾಲೆ ಎಂದು ಹೆಸರಿಟ್ಟರು. ಈಗ ಎಲ್ಲರೂ ಹೇಳುವ ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ, ಇದೇ.

ನಾಲೆಯ ಹಿಂದೆಯೇ ಕಬ್ಬು ಬಂತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್ ಅದಕ್ಕಾಗಿ ಬಹಳ ದುಡಿದರು. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ನಾಲೆ, ಕಾರ್ಖಾನೆ, ಜಿಲ್ಲೆ ಮೂರೂ ಹತ್ತು ವರ್ಷದ ಆಸುಪಾಸಿನಲ್ಲಿ ಬಂದವು.

ನೀರು ಬಂದ ಊರಿಗೂ ಬಾರದ ಊರಿಗೂ ಎಷ್ಟು ವ್ಯತ್ಯಾಸವಾಯಿತು ಎಂಬುದಕ್ಕೆ ಒಂದು ಪ್ರಸಿದ್ಧ ಅಧ್ಯಯನವಿದೆ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಸಂಶೋಧಕಿ 1950ರ ದಶಕದಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದರು. 1962ರಲ್ಲಿ ಬಂದ ಪುಸ್ತಕದಲ್ಲಿ ಆ ಊರುಗಳಿಗೆ ವಂಗಲ, ದಲೇನ ಎಂದು ಬೇರೆ ಹೆಸರು ಕೊಟ್ಟರು. ವಂಗಲಕ್ಕೆ ನಾಲೆ ನೀರು ಸಿಕ್ಕಿತು. ಅಲ್ಲಿನವರು ಕಬ್ಬು, ಭತ್ತ ಬೆಳೆದು ಬೇಸಾಯದಲ್ಲೇ ಮುಂದುವರಿದರು. ದಲೇನ ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿತ್ತು. ಸುತ್ತ ನೀರಾವರಿ ಇದ್ದರೂ ಆ ಊರಿನ ಹೊಲಕ್ಕೆ ನೀರು ಹತ್ತಲಿಲ್ಲ. ಅಲ್ಲಿನವರು ಮಂಡ್ಯದಲ್ಲಿ ಕೆಲಸ, ವ್ಯಾಪಾರ ಹುಡುಕಿದರು, ಬೇರೆ ಊರಿನಲ್ಲಿ ಗದ್ದೆ ಕೊಂಡರು. ಊರು ಒಂದಿಷ್ಟು ಎತ್ತರದಲ್ಲಿತ್ತು ಎಂಬ ಒಂದೇ ಕಾರಣಕ್ಕೆ ಜನರ ಬದುಕಿನ ದಾರಿಯೇ ಬೇರೆಯಾಯಿತು.

ಇಂದಿಗೂ ಮದ್ದೂರು, ಮಳವಳ್ಳಿ ತಾಲ್ಲೂಕಿನಲ್ಲಿ ನಾಲೆ ಮುಟ್ಟದ ಊರುಗಳಲ್ಲಿ ರಾಗಿ ಹೊಲ, ರೇಷ್ಮೆಗಾಗಿ ಬೆಳೆದ ಹಿಪ್ಪುನೇರಳೆ ತೋಟಗಳನ್ನು ಕಾಣಬಹುದು.

ಸಂದೇಶ 4: ‘ಡ್ಯಾಂ ಫುಲ್, ಇನ್ನು ಚಿಂತೆ ಇಲ್ಲ’

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಸಂದೇಶದಲ್ಲಿ ನಾಲ್ಕು ತಪ್ಪು ತಿಳಿವಳಿಕೆಗಳಿವೆ.

ಒಂದು, ಗೇಟು ಬೇರೆ, ನಾಲೆ ಬೇರೆ. ವಿಡಿಯೊದಲ್ಲಿ ಕಾಣುವ ಕ್ರೆಸ್ಟ್ ಗೇಟಿನ ನೀರು ನೇರವಾಗಿ ನದಿಗೆ ಹೋಗುತ್ತದೆ. ನಾಲೆಗೆ ನೀರು ಬಿಡುವ ತೂಬು ಬೇರೆಯೇ ಇದೆ. ಶ್ರೀರಂಗಪಟ್ಟಣದಲ್ಲಿ ಪ್ರವಾಹದ ಎಚ್ಚರಿಕೆ ಇರುವ ದಿನವೇ ಮಳವಳ್ಳಿಯ ಉಪನಾಲೆ ಒಣಗಿರಲು ಸಾಧ್ಯ. ಎರಡೂ ಸುದ್ದಿ ನಿಜವೇ ಆಗಿರುತ್ತವೆ.

ಎರಡು, ಅಡಿಯ ಲೆಕ್ಕ ಮೋಸ ಮಾಡುತ್ತದೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಆಗ ಅದರಲ್ಲಿರುವ ನೀರು 49.45 ಟಿಎಂಸಿ. ನೀರಿನ ಮಟ್ಟ 100 ಅಡಿ ಇದ್ದರೆ ‘ನೂರಕ್ಕೆ ಎಂಬತ್ತು ಭಾಗ ತುಂಬಿದೆ’ ಎಂದು ಅನಿಸುತ್ತದೆ. ಆದರೆ ಜಲಾಶಯ ನಮ್ಮ ಮನೆಯ ಸಿಂಟೆಕ್ಸ್ ಟ್ಯಾಂಕಿನಂತೆ ನೇರವಾಗಿಲ್ಲ, ಬೋಗುಣಿಯಂತೆ ಮೇಲೆ ಅಗಲ, ತಳದಲ್ಲಿ ಕಿರಿದು. ಹಾಗಾಗಿ 100 ಅಡಿಯಲ್ಲಿ ಇರುವ ನೀರು ಪೂರ್ಣ ಸಾಮರ್ಥ್ಯದ ಅರ್ಧಕ್ಕಿಂತಲೂ ಕಡಿಮೆ. ಅಡಿ ನೋಡಬೇಡಿ, ಟಿಎಂಸಿ ನೋಡಿ.

ಮೂರು, ಕ್ಯೂಸೆಕ್ ಮತ್ತು ಟಿಎಂಸಿ ಒಂದೇ ಅಲ್ಲ. ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಹರಿಯುವ ಒಂದು ಘನ ಅಡಿ ನೀರು, ಅಂದರೆ ಸುಮಾರು 28 ಲೀಟರ್. ಟಿಎಂಸಿ ಎಂದರೆ 100 ಕೋಟಿ ಘನ ಅಡಿ ನೀರು. ಸುಮಾರು 11,574 ಕ್ಯೂಸೆಕ್ ನೀರು 24 ಗಂಟೆ ಒಂದೇ ಸಮನೆ ಹರಿದರೆ ಒಂದು ಟಿಎಂಸಿ ಆಗುತ್ತದೆ. ‘50 ಸಾವಿರ ಕ್ಯೂಸೆಕ್ ಒಳಹರಿವು’ ಎಂಬ ಸುದ್ದಿ ಬಂದರೆ ಇಡೀ ದಿನಕ್ಕೆ ಸುಮಾರು 4.3 ಟಿಎಂಸಿ ಎಂದು ಲೆಕ್ಕ ಹಾಕಿ. ಆ ಒಳಹರಿವು ಎರಡು ಗಂಟೆಯಲ್ಲೇ ಇಳಿದಿದ್ದರೆ ಲೆಕ್ಕವೂ ಇಳಿಯುತ್ತದೆ.

ನಾಲ್ಕು, ತುಂಬಿದ ನೀರೆಲ್ಲ ನಾಲೆಗೇ ಬರುವುದಿಲ್ಲ. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಸಾಮಾನ್ಯ ಮಳೆಯ ವರ್ಷದಲ್ಲಿ ಕರ್ನಾಟಕ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಬಿಡಬೇಕು. ಕರ್ನಾಟಕದ ಪಾಲು 284.75 ಟಿಎಂಸಿ. ಈ ಪಾಲಿನಲ್ಲೇ ಕೊಡಗು, ಹಾಸನ, ಮೈಸೂರು, ಮಂಡ್ಯದ ನೀರಾವರಿಯೂ ಬೆಂಗಳೂರಿನ ಕುಡಿಯುವ ನೀರೂ ಆಗಬೇಕು. ಬೆಂಗಳೂರಿಗೆ ಕಾವೇರಿ ನೀರನ್ನು ಪಂಪ್ ಮಾಡುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಅಲ್ಲಿಂದ ಸುಮಾರು 100 ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ನೀರು ಹತ್ತುತ್ತದೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ನೀರು ಒಯ್ಯುವ ಯೋಜನೆ.

ನಾಲೆಗೆ ನೀರು ಬಿಟ್ಟ ಮೇಲೂ ಅದು ಮೊದಲು ಮುಟ್ಟುವುದು ಮೇಲ್ಭಾಗದ ಗದ್ದೆಯನ್ನು. ಮೇಲಿನವರು ಹೆಚ್ಚು ಕಬ್ಬು ಹಾಕಿದರೆ, ನಾಲೆಯಲ್ಲಿ ಹೂಳು ತುಂಬಿದ್ದರೆ, ಅಲ್ಲಲ್ಲಿ ಪಂಪ್ ಇಟ್ಟು ಎತ್ತಿದರೆ, ಕಟ್ಟಕಡೆಯ ಮದ್ದೂರು, ಮಳವಳ್ಳಿ ಭಾಗಕ್ಕೆ ತಲುಪುವುದು ತೀರಾ ಕಡಿಮೆ. ಕಟ್ಟು ಪದ್ಧತಿಯಲ್ಲಿ ನೀರು ಬಿಡುವಾಗ ಈ ತೊಂದರೆ ಇನ್ನೂ ಹೆಚ್ಚು. ಕೊನೆ ಭಾಗಕ್ಕೆ ನೀರು ಬರುವಷ್ಟರಲ್ಲಿ ಮೇಲೆ ನಿಲ್ಲಿಸುವ ದಿನ ಬಂದಿರುತ್ತದೆ.

ನಮ್ಮ ಉತ್ತರ: ದಾರಿ ತಪ್ಪಿಸುವ ಸಂದೇಶ. ಡ್ಯಾಂ ತುಂಬಿರುವುದು ನಿಜವೇ ಇರಬಹುದು, ಆದರೆ ನಿಮ್ಮ ತೂಬಿಗೆ ನೀರು ಬರುತ್ತದೆ ಎಂಬುದಕ್ಕೆ ಅದು ಖಾತರಿಯಲ್ಲ.

ಇದು ಮಂಡ್ಯದ ಸಮಸ್ಯೆ ಮಾತ್ರವೇ?

ಅಲ್ಲ. ಸ್ಪೇನ್ ದೇಶದ ಮೆಡಿಟರೇನಿಯನ್ ಸಮುದ್ರ ತೀರದಲ್ಲಿ ವ್ಯಾಲೆನ್ಸಿಯಾ ಎಂಬ ಪ್ರದೇಶವಿದೆ. ಕಿತ್ತಳೆ ತೋಟಕ್ಕೂ ಭತ್ತದ ಗದ್ದೆಗೂ ಹೆಸರಾದ ಊರು. ಆದರೆ ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 450 ಮಿಲಿಮೀಟರ್, ಮಂಡ್ಯಕ್ಕಿಂತಲೂ ಕಡಿಮೆ. ಅಲ್ಲಿನ ಹಸಿರೂ ನಾಲೆಯ ಹಸಿರೇ. ಟೂರಿಯಾ ನದಿಯಿಂದ ತಿರುಗಿಸಿದ ಆ ನಾಲೆಗಳ ವ್ಯವಸ್ಥೆ ಬೆಳೆದದ್ದು ಮುಸ್ಲಿಂ ದೊರೆಗಳ ಆಳ್ವಿಕೆಯಲ್ಲಿ. ನಾಲೆಗೆ ಅಲ್ಲಿನವರು ಬಳಸುವ ‘ಅಸೇಕಿಯಾ’ ಎಂಬ ಪದವೂ ಅರಬ್ಬಿ ಮೂಲದ್ದು. 1238ರಲ್ಲಿ ಕ್ರೈಸ್ತ ದೊರೆ ಒಂದನೇ ಜೌಮೆ ಆ ಊರನ್ನು ಗೆದ್ದ. ಆಳುವವರ ಧರ್ಮ, ಭಾಷೆ ಎರಡೂ ಬದಲಾದವು. ನಾಲೆಯೂ ನೀರು ಹಂಚುವ ಪದ್ಧತಿಯೂ ಮುಂದುವರಿದವು.

ನೀರಿನ ಜಗಳ ಅಲ್ಲೂ ಇದೆ. ಅದನ್ನು ಬಗೆಹರಿಸಲು ನೀರಿನ ಪಂಚಾಯಿತಿಯೊಂದು ಪ್ರತಿ ಗುರುವಾರ ಮಧ್ಯಾಹ್ನ 12 ಗಂಟೆಗೆ ಊರಿನ ದೊಡ್ಡ ಚರ್ಚಿನ ಬಾಗಿಲಲ್ಲಿ ಸೇರುತ್ತದೆ. ಎಂಟು ನಾಲೆಗಳ ರೈತರು ಆರಿಸಿ ಕಳಿಸಿದ ರೈತರೇ ಅಲ್ಲಿ ನ್ಯಾಯ ಹೇಳುವವರು. ವಿಚಾರಣೆಯೆಲ್ಲ ಬಾಯಿ ಮಾತಿನಲ್ಲಿ, ಜನರ ಎದುರಿಗೆ ನಡೆಯುತ್ತದೆ. ತೀರ್ಪೂ ಅಲ್ಲೇ ಸಿಗುತ್ತದೆ. 2009ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಾಲೆ ಕಟ್ಟಿದವರು ಯಾರು ಎಂಬ ವಾದ ಆ ಬಾಗಿಲಲ್ಲಿ ನಡೆಯುವುದಿಲ್ಲ. ಈ ವಾರ ನೀರು ಯಾರ ಸರದಿ, ಸರದಿ ತಪ್ಪಿಸಿದವರು ಯಾರು ಎಂಬುದಷ್ಟೇ ಅಲ್ಲಿ ಪ್ರಶ್ನೆ.

ಫಾರ್ವರ್ಡ್ ಮಾಡುವ ಮುನ್ನ ಇಷ್ಟು ಮಾಡಿ

- ವಿಡಿಯೊ ಈ ವರ್ಷದ್ದೇ ಎಂದು ನೋಡಿ. ದಿನಾಂಕವಿಲ್ಲದ ಡ್ಯಾಂ ವಿಡಿಯೊ ಕಳಿಸಬೇಡಿ.
- ಮಟ್ಟ ಎಷ್ಟು ಅಡಿ ಎಂಬುದರ ಜೊತೆಗೆ ಸಂಗ್ರಹ ಎಷ್ಟು ಟಿಎಂಸಿ ಎಂದು ಹುಡುಕಿ. ದಿನಪತ್ರಿಕೆಗಳಲ್ಲಿ ಈ ಲೆಕ್ಕ ಬರುತ್ತದೆ.
- ನೀರು ಬಿಟ್ಟಿರುವುದು ನದಿಗೋ, ನಾಲೆಗೋ ಎಂದು ಓದಿ ನೋಡಿ.
- ಬೆಳೆಗೆ ನೀರು ಯಾವ ದಿನದಿಂದ, ಯಾವ ಬೆಳೆಗೆ, ಎಷ್ಟು ಕಟ್ಟು ಎಂಬುದನ್ನು ನೀರಾವರಿ ಸಲಹಾ ಸಮಿತಿ ಸಭೆಯ ನಂತರ ಪ್ರಕಟಿಸುತ್ತಾರೆ. ಆ ಪ್ರಕಟಣೆ ಬರುವವರೆಗೆ ಒಟ್ಲು ಬಿಡುವ ಬಗ್ಗೆ ಯಾರಿಗೂ ಸಲಹೆ ಕೊಡಬೇಡಿ.
- ನಿಮ್ಮದು ನಾಲೆಯ ಕೊನೆ ಭಾಗವಾದರೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕಡಿಮೆ ನೀರಿನ ಬೆಳೆಯ ಬಗ್ಗೆ ಮೊದಲೇ ಕೇಳಿ. ರಾಗಿಗೆ ಬೇಕಾದ ನೀರು ಭತ್ತಕ್ಕೆ ಬೇಕಾದ್ದರ ಅರ್ಧಕ್ಕಿಂತಲೂ ಕಡಿಮೆ.

ಮಂಡ್ಯ, ಮದ್ದೂರು, ಮಳವಳ್ಳಿಯ ಹಸಿರು ಕಟ್ಟೆ, ಸುರಂಗ, ನಾಲೆ, ತೂಬು ಎಲ್ಲವೂ ಸರಿಯಾಗಿ ಕೆಲಸ ಮಾಡಿದರೆ ಮಾತ್ರ ಉಳಿಯುವ ಹಸಿರು. ಡ್ಯಾಂ ತುಂಬಿದ ಖುಷಿಯನ್ನು ಖಂಡಿತ ಹಂಚಿಕೊಳ್ಳಿ. ಜೊತೆಗೆ ‘ನಿಮ್ಮ ನಾಲೆಗೆ ಯಾವತ್ತು ನೀರು ಅಂತ ಕೇಳಿಕೊಂಡು ಒಟ್ಲು ಬಿಡಿ’ ಎಂಬ ಒಂದು ಸಾಲನ್ನೂ ಸೇರಿಸಿ ಕಳಿಸಿ. ಕೊನೆ ಭಾಗದ ರೈತರೊಬ್ಬರ ಒಂದು ಹಂಗಾಮಿನ ದುಡ್ಡು ಅದರಿಂದ ಉಳಿಯಬಹುದು.